ಮಾತು ಬಿಟ್ಟ ಮಾತುಗಾರ: ಮೂಕಿ ಚಿತ್ರಗಳ ಗುಬ್ಬಿ ವೀರಣ್ಣ

ಮೂರು ದಶಕಗಳಿಗೂ ಹೆಚ್ಚು ಕಾಲ ಮೇಷ್ಟ್ರಾಗಿದ್ದವನ ಬಳಿ ತೀರಿಸದ ಸಾಲಗಳು ಕೆಲವಾದರೂ ಉಳಿದಿರುತ್ತವೆ. ಹಣದ ಸಾಲವಲ್ಲ, ಉತ್ತರದ ಸಾಲ. ಮಕ್ಕಳು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಾಗ 'ಗೊತ್ತಿಲ್ಲ' ಎನ್ನುವ ಬದಲು ಗದರಿಸಿ ಕೂರಿಸಿದ ಸಂದರ್ಭಗಳು ನಿವೃತ್ತಿಯ ನಂತರ, ಮಧ್ಯಾಹ್ನದ ಹೊತ್ತು, ಒಂದೊಂದಾಗಿ ಎದುರು ಬಂದು ನಿಲ್ಲುತ್ತವೆ. ಅಂಥ ಒಂದು ಸಾಲವನ್ನು ಇಂದು ತೀರಿಸಲು ಕುಳಿತಿದ್ದೇನೆ.

1984ನೆಯ ಇಸವಿ. ಕನ್ನಡ ವಾಕ್ಚಿತ್ರಕ್ಕೆ ಐವತ್ತು ವರ್ಷ ತುಂಬಿದ ಕಾಲ. ತರಗತಿಯಲ್ಲಿ ಸಾಮಾನ್ಯ ಜ್ಞಾನದ ಪ್ರಶ್ನೆಗಳನ್ನು ಕೇಳುತ್ತಿದ್ದೆ. "ಕನ್ನಡದ ಮೊಟ್ಟಮೊದಲ ಚಲನಚಿತ್ರ ಯಾವುದು?" ಎಂದಾಗ ಹತ್ತು ಕೈಗಳು ಮೇಲೆದ್ದವು. 'ಸತಿ ಸುಲೋಚನಾ' ಎಂಬ ಉತ್ತರ ಬಂತು. ನಾನು ತೃಪ್ತನಾಗಿ ಮುಂದಿನ ಪ್ರಶ್ನೆಗೆ ಹೋಗುವಷ್ಟರಲ್ಲಿ ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಅದಕ್ಕಿಂತ ಮೊದಲು ನಮ್ಮೋರು ಯಾರೂ ಸಿನಿಮಾನೇ ತೆಗೆದಿರಲಿಲ್ವಾ? ಮಾತಿಲ್ಲದ್ದು?" ಎಂದ. "ಮಾತೇ ಇಲ್ಲದ ಮೇಲೆ ಅದು ಕನ್ನಡ ಹೇಗಯ್ಯಾ ಆಗುತ್ತೆ? ಕೂತ್ಕೋ" ಎಂದೆ. ತರಗತಿಯೆಲ್ಲ ನಕ್ಕಿತು. ಹುಡುಗ ಕುಳಿತ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದನ್ನು ಓದಿದರೆ ಅವನಿಗೇ ತಿಳಿಯುತ್ತದೆ.

ಆ ದಿನ ನನಗಿದ್ದ ಗರ್ವಕ್ಕೆ ಕ್ಷಮೆ ಇಲ್ಲ. ಏಕೆಂದರೆ ಮೂಕಿ ಚಿತ್ರಗಳ ಕಥೆಯನ್ನು ನಾನು ಬಾಲ್ಯದಲ್ಲಿ ನಮ್ಮ ಮನೆಯ ಜಗುಲಿಯ ಮೇಲೆಯೇ ಕೇಳಿದ್ದೆ. ಹೇಳಿದವರು ನಮ್ಮ ದೊಡ್ಡಪ್ಪ.

ದೊಡ್ಡಉಳ್ಳಾರ್ತಿಯ ನಮ್ಮ ಮನೆತನದಲ್ಲಿ ದೊಡ್ಡಪ್ಪನ ತಲೆಮಾರಿನವರೆಗೆ ಶಾಲೆಯ ಮೆಟ್ಟಿಲು ಹತ್ತಿದವರಿರಲಿಲ್ಲ. ಕುರಿ, ಕಂಬಳಿ, ಮಳೆ ಬಂದರೆ ಶೇಂಗಾ, ಬಾರದಿದ್ದರೆ ದೇವರು. ಚಳ್ಳಕೆರೆ ಸೀಮೆಯ ಬದುಕು ಎಂದರೆ ಇಷ್ಟೇ. ಊರಾಚೆ ಅಮೃತ ಮಹಲ್ ಕಾವಲು. ಹರೆಯದಲ್ಲಿ ದೊಡ್ಡಪ್ಪ ಹತ್ತಿಯ ಗಾಡಿಗಳ ಜೊತೆ ದಾವಣಗೆರೆಗೆ ಹೋಗಿಬರುತ್ತಿದ್ದರಂತೆ. ಗಾಡಿ ಖಾಲಿಯಾದ ರಾತ್ರಿ ಊರ ಹೊರಗಿನ ಡೇರೆಯಲ್ಲಿ ಮಾತಿಲ್ಲದ ಸಿನಿಮಾ. ಕಂಬಳಿ ಹೊದ್ದು, ಹುರಿದ ಶೇಂಗಾವನ್ನು ಮಡಿಲಲ್ಲಿ ಕಟ್ಟಿಕೊಂಡು, ನೆಲದ ಟಿಕೆಟ್ಟಿನಲ್ಲಿ ಕುಳಿತು ನೋಡುತ್ತಿದ್ದೆವು ಎನ್ನುತ್ತಿದ್ದರು. ಪರದೆಯ ಪಕ್ಕದಲ್ಲಿ ಒಬ್ಬ ಹಾರ್ಮೋನಿಯಂ ಒತ್ತುವವನು, ಒಬ್ಬ ತಬಲಾದವನು. ಓಟದ ದೃಶ್ಯ ಬಂದರೆ ತಬಲಾ ಓಡುತ್ತಿತ್ತು, ಸಾವಿನ ದೃಶ್ಯ ಬಂದರೆ ಹಾರ್ಮೋನಿಯಂ ಅಳುತ್ತಿತ್ತು.

ನಡುನಡುವೆ ಚಿತ್ರ ನಿಂತು ಪರದೆಯ ಮೇಲೆ ಬರಹ ಮೂಡುತ್ತಿತ್ತು. ಆಗ ಡೇರೆಯ ಮುಂದೆ ಕೋಲು ಹಿಡಿದು ನಿಂತವನೊಬ್ಬ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಇಡೀ ಸಭೆ ಅವನ ಬಾಯನ್ನೇ ನೋಡುತ್ತಿತ್ತು. "ಅವ್ನೊಬ್ನಿಗೇ ಅಕ್ಷರ ಬರ್ತಿತ್ತು ಕಣ್ಲಾ. ರಾಜ ಅಂದ್ರೆ ಅವ್ನೇ ರಾಜ" ಎನ್ನುತ್ತಿದ್ದರು ದೊಡ್ಡಪ್ಪ. ಆ ಆಸೆಗೆ ಬಿದ್ದು ಅವರು ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ ನಮ್ಮೂರ ಅಯ್ಯನವರೊಬ್ಬರ ಬಳಿ ಮರಳ ಮೇಲೆ ಅ, ಆ ತಿದ್ದಿದರು. ಒಂದು ಬೇಸಿಗೆಯಲ್ಲಿ ಓದುವಷ್ಟು ಕಲಿತು, ಎದೆಯುಬ್ಬಿಸಿಕೊಂಡು ಮತ್ತೆ ಅದೇ ಡೇರೆಗೆ ಹೋಗಿ ಕುಳಿತರೆ, ಪರದೆಯ ಮೇಲಿನ ಒಂದಕ್ಷರವೂ ತಿಳಿಯಲಿಲ್ಲ! ಅದು ಮುಂಬಯಿಯಿಂದ ಬಂದ ಚಿತ್ರ. ಬರಹವೆಲ್ಲ ಇಂಗ್ಲಿಷ್, ಗುಜರಾತಿ, ಹಿಂದಿ. ಕೋಲಿನವನು ಅಷ್ಟು ದಿನವೂ ತನ್ನ ಮನಸ್ಸಿಗೆ ತೋಚಿದ ಕಥೆಯನ್ನೇ ಹೇಳುತ್ತಿದ್ದನೆಂದು ಅಂದು ಗೊತ್ತಾಯಿತು. ಈ ಕಥೆ ಹೇಳಿ ದೊಡ್ಡಪ್ಪ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಆದರೆ ಕಲಿತ ಅಕ್ಷರ ಹಾಗೇ ಉಳಿಯಿತು. ಮುಂದೆ ನನ್ನನ್ನು ಹಟಹಿಡಿದು ಶಾಲೆಗೆ ಸೇರಿಸಿದವರು ಅವರೇ. ನಾನು ಮೇಷ್ಟ್ರಾದದ್ದಕ್ಕೆ ಮೂಲ ಕಾರಣ ಒಂದು ಮೂಕಿ ಚಿತ್ರ ಎಂದರೆ ತಪ್ಪಾಗಲಾರದು.

ಈಗ ವಿಷಯಕ್ಕೆ ಬರುತ್ತೇನೆ. ಹುಡುಗನ ಪ್ರಶ್ನೆಗೆ ಸರಿಯಾದ ಉತ್ತರ: ತೆಗೆದಿದ್ದರು. ಹಾಗೆ ತೆಗೆದವರಲ್ಲಿ, ನಟಿಸಿದವರಲ್ಲಿ ನೀವೆಲ್ಲರೂ ಹೆಸರು ಕೇಳಿರುವ ಒಬ್ಬರಿದ್ದರು. ಅವರು ಗುಬ್ಬಿ ವೀರಣ್ಣನವರು.

ವೀರಣ್ಣನವರನ್ನು ನಾವು ರಂಗಭೂಮಿಯವರೆಂದು ಬಲ್ಲೆವು. ಗುಬ್ಬಿ ಹಂಪಣ್ಣ ವೀರಣ್ಣ ಹುಟ್ಟಿದ್ದು 1891ರ ಜನವರಿ 24ರಂದು, ತುಮಕೂರು ಜಿಲ್ಲೆಯಲ್ಲಿ. ಅವರು ಹುಟ್ಟುವುದಕ್ಕೆ ಏಳು ವರ್ಷ ಮೊದಲೇ, 1884ರಲ್ಲಿ, ಗುಬ್ಬಿಯಲ್ಲಿ ಒಂದು ನಾಟಕ ಮಂಡಳಿ ಹುಟ್ಟಿತ್ತು. ಊರಿನ ದೇವರ ಹೆಸರಿನಲ್ಲಿ ಅದು ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವಾಯಿತು. ಜನರ ಬಾಯಲ್ಲಿ 'ಗುಬ್ಬಿ ಕಂಪನಿ' ಆಯಿತು. ವೀರಣ್ಣ ಎಳೆಯ ವಯಸ್ಸಿನಲ್ಲಿಯೇ ಬಾಲನಟನಾಗಿ ಕಂಪನಿ ಸೇರಿದರು. ಅಡುಗೆಮನೆ, ಪರದೆ, ಬಣ್ಣ, ಹಾಡು, ತಾಳ, ಎಲ್ಲವೂ ಅವರಿಗೆ ಅಲ್ಲಿಯೇ ಆದ ಪಾಠ. 1917ರಲ್ಲಿ ಕಂಪನಿಯ ಒಡೆತನ ಅವರ ಕೈಗೆ ಬಂತು. ಶಾಲೆಯ ಓದು ಹೆಚ್ಚಿಲ್ಲದ ಬಾಲಕ ಇಪ್ಪತ್ತಾರನೆಯ ವಯಸ್ಸಿಗೆ ನೂರಾರು ಜನರ ಅನ್ನಕ್ಕೆ ಹೊಣೆಯಾದರು.

ಅವರ ಹೆಸರು ಬೆಳೆದದ್ದು ಹಾಸ್ಯದಿಂದ. 'ಸದಾರಮೆ' ನಾಟಕದ ಕಳ್ಳನ ಪಾತ್ರ ಅವರಿಗೇ ಮೀಸಲು ಎಂಬಂತಾಗಿತ್ತು. ಅಂದಿನ ಕಂಪನಿ ನಾಟಕಗಳಲ್ಲಿ ಹಾಸ್ಯನಟನಿಗೆ ಬರೆದುಕೊಟ್ಟ ಮಾತು ಕಡಿಮೆ. ಸಮಯಕ್ಕೆ ತಕ್ಕಂತೆ ಹುಟ್ಟಿಸಿಕೊಂಡ ಮಾತು ಹೆಚ್ಚು. ಊರಿಗೆ ಬಂದ ದಿನ ಆ ಊರಿನ ಬರ, ಬೆಲೆ, ಸುದ್ದಿ ತಿಳಿದುಕೊಂಡು ರಾತ್ರಿ ರಂಗದ ಮೇಲೆ ಅದನ್ನೇ ಚಿಮ್ಮಿಸುವವನು ಗೆಲ್ಲುತ್ತಿದ್ದ. ವೀರಣ್ಣನವರ ಬಂಡವಾಳ ಅವರ ನಾಲಗೆ. ಸಭೆಯ ಕಡೆಯ ಸಾಲಿನವನು ಕೆಮ್ಮಿದರೂ ಅದಕ್ಕೊಂದು ಮಾತು ಎಸೆಯಬಲ್ಲ ಚುರುಕು ಆ ಕಸುಬಿಗೆ ಬೇಕು.

ಇಂಥ ಮಾತುಗಾರ ಮಾತೇ ಇಲ್ಲದ ಕಲೆಗೆ ಕೈಹಾಕಿದರು ಎಂಬುದೇ ಈ ಲೇಖನದ ಸ್ವಾರಸ್ಯ.

ಆ ಕಾಲದ ಬೆಂಗಳೂರನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ದಾದಾಸಾಹೇಬ್ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' ಮುಂಬಯಿಯಲ್ಲಿ ತೆರೆಕಂಡದ್ದು 1913ರ ಮೇ 3ರಂದು. ತಾರಾಮತಿಯ ಪಾತ್ರಕ್ಕೆ ಹೆಂಗಸರು ಯಾರೂ ಸಿಗದೆ, ಸಾಳುಂಕೆ ಎಂಬ ಅಡುಗೆಯ ಯುವಕನಿಗೆ ಸೀರೆ ಉಡಿಸಿ ನಿಲ್ಲಿಸಿದ ಕಥೆಯನ್ನು ನಿಮಗೆ ಹಿಂದೆ ಹೇಳಿದ್ದೇನೆ. ಇಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಈ ಉದ್ಯಮ ಬೆಂಗಳೂರಿಗೂ ಬಂದಿತ್ತು. ಹರಿಭಾಯಿ ದೇಸಾಯಿ ಮತ್ತು ಭೋಗಿಲಾಲ್ ದವೆ ಇಲ್ಲಿ ಸೂರ್ಯ ಫಿಲ್ಮ್ ಕಂಪನಿ ನಡೆಸಿ ಸಾಲುಸಾಲಾಗಿ ಮೂಕಿ ಚಿತ್ರಗಳನ್ನು ತಯಾರಿಸಿದರು. ಮೋಹನ್ ಭವನಾನಿಯವರು ಶೂದ್ರಕನ 'ಮೃಚ್ಛಕಟಿಕ'ವನ್ನು ಆಧರಿಸಿ 'ವಸಂತಸೇನಾ' ಚಿತ್ರ ಮಾಡಿದರು. 1931ರಲ್ಲಿ ಬಂದ ಆ ಚಿತ್ರದಲ್ಲಿ ಏಣಾಕ್ಷಿ ರಾಮರಾವ್, ನಮ್ಮ ಟಿ. ಪಿ. ಕೈಲಾಸಂ, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ನಟಿಸಿದರು. ಕಮಲಾದೇವಿಯವರು ಸ್ವಾತಂತ್ರ್ಯ ಹೋರಾಟದಲ್ಲಿ ಧುಮುಕಿದವರು, ಮುಂದೆ ಕರಕುಶಲ ಕಲೆಗಳಿಗೆ ಮರುಜೀವ ಕೊಟ್ಟವರು. ಮರ್ಯಾದಸ್ಥ ಮನೆಯ ಹೆಣ್ಣುಮಗಳು ಕ್ಯಾಮರಾ ಎದುರು ನಿಲ್ಲುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಶಿವರಾಮ ಕಾರಂತರು ಕೂಡ 1930ರ ಆಸುಪಾಸಿನಲ್ಲಿ ಮೂಕಿ ಚಿತ್ರ ತೆಗೆಯುವ ಸಾಹಸ ಮಾಡಿದರು.

ಈ ಸಮಯದಲ್ಲಿಯೇ ವೀರಣ್ಣನವರು ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆ ಕಟ್ಟಿದರು. ಅದರಿಂದ ಬಂದ ಚಿತ್ರಗಳಲ್ಲಿ ಹೆಸರಾದವು ಎರಡು. ಒಂದು 'ಹರಿಮಾಯಾ', ಇದರ ನಿರ್ದೇಶಕರು ವೈ. ವಿ. ರಾವ್. ಇನ್ನೊಂದು 1931ರ 'ಹಿಸ್ ಲವ್ ಅಫೇರ್'. ಹೆಸರು ಇಂಗ್ಲಿಷ್, ನಿರ್ದೇಶಕ ರಾಫೆಲ್ ಅಲ್ಗೋಯೆಟ್ ಎಂಬ ಬೆಲ್ಜಿಯಂ ದೇಶದವನು, ಹಣ ಕನ್ನಡ ನಾಟಕ ಕಂಪನಿಯದು, ನಾಯಕ ಸ್ವತಃ ವೀರಣ್ಣ. ಜೊತೆಗೆ ಹದಿಹರೆಯದ ಬಿ. ಜಯಮ್ಮ, ಮುಂದೆ ಗುಬ್ಬಿ ಕಂಪನಿಯ ಮಹಾನಟಿಯೂ ಗಾಯಕಿಯೂ ಆಗಿ, ವೀರಣ್ಣನವರ ಬಾಳಸಂಗಾತಿಯೂ ಆಗಿ ನಾಡಿಗೆಲ್ಲ ಪರಿಚಿತರಾದವರು. ಹಾಡಿನಿಂದಲೇ ಹೆಸರಾಗಲಿದ್ದ ಜಯಮ್ಮ, ಮಾತಿನಿಂದ ಹೆಸರಾಗಿದ್ದ ವೀರಣ್ಣ. ಇಬ್ಬರೂ ಸೇರಿ ನಟಿಸಿದ್ದು ಹಾಡೂ ಮಾತೂ ಇಲ್ಲದ ಚಿತ್ರದಲ್ಲಿ!

ರಂಗನಟನೊಬ್ಬ ಮೂಕಿ ಚಿತ್ರದ ಎದುರು ನಿಂತಾಗ ಏನೇನು ಕಳೆದುಕೊಳ್ಳುತ್ತಿದ್ದ ಎಂಬುದನ್ನು ಯೋಚಿಸಿ ನೋಡಬೇಕು. ಮೊದಲನೆಯದಾಗಿ, ಮಾತು ಹೋಯಿತು. ಎರಡನೆಯದಾಗಿ, ರಾತ್ರಿ ಹೋಯಿತು. ನಾಟಕ ರಾತ್ರಿಯ ಕಲೆ. ಅಂದಿನ ಚಿತ್ರೀಕರಣವಾದರೋ ಹೆಚ್ಚಾಗಿ ಸೂರ್ಯನ ಬೆಳಕನ್ನು ನಂಬಿದ್ದು. ಬಿಳಿಯ ಬಟ್ಟೆ, ಬೆಳ್ಳಿಯ ಹಾಳೆ ಅಂಟಿಸಿದ ಹಲಗೆ ಹಿಡಿದು ಬಿಸಿಲನ್ನು ನಟನ ಮುಖಕ್ಕೆ ತಿರುಗಿಸುತ್ತಿದ್ದರು. ಮೋಡ ಕವಿದರೆ ಎಲ್ಲರೂ ಆಕಾಶ ನೋಡುತ್ತ ಕೂರಬೇಕು. ಮೂರನೆಯದಾಗಿ, ಬಣ್ಣದ ಲೆಕ್ಕ ತಪ್ಪಿತು. ಆಗ ಬಳಕೆಯಲ್ಲಿದ್ದ ಫಿಲ್ಮಿಗೆ ಕೆಂಪು ಬಣ್ಣ ಸರಿಯಾಗಿ ಕಾಣುತ್ತಿರಲಿಲ್ಲ; ಕೆಂಪು ಹಚ್ಚಿದ ತುಟಿ ಪರದೆಯ ಮೇಲೆ ಕಪ್ಪಾಗಿ ಮೂಡುತ್ತಿತ್ತು. ರಂಗದ ಮೇಲೆ ದೂರದವರಿಗೆ ಕಾಣಲೆಂದು ಬಳಿಯುತ್ತಿದ್ದ ಬಣ್ಣ ಇಲ್ಲಿ ಮುಖವನ್ನು ಮುಖವಾಡ ಮಾಡಿಬಿಡುತ್ತಿತ್ತು. ಕ್ಯಾಮರಾದ ಹಿಡಿಯನ್ನು ಕೈಯಿಂದಲೇ ತಿರುಗಿಸುತ್ತಿದ್ದುದರಿಂದ, ತಿರುಗಿಸುವವನ ಕೈ ನಿಧಾನವಾದರೆ ಪರದೆಯ ಮೇಲೆ ನಟ ಬಡಬಡನೆ ಓಡುತ್ತಿದ್ದ.

ಎಲ್ಲಕ್ಕಿಂತ ದೊಡ್ಡ ನಷ್ಟ ಪ್ರೇಕ್ಷಕನದು. ಹಾಸ್ಯನಟನಿಗೆ ನಗುವೇ ತಾಳ. ಸಭೆ ನಕ್ಕರೆ ಮಾತನ್ನು ಎಳೆಯಬೇಕು, ನಗದಿದ್ದರೆ ಮುಂದಕ್ಕೆ ದಾಟಬೇಕು. ಕ್ಯಾಮರಾದ ಎದುರು ನಗುವವರಿಲ್ಲ. ಗರಗರ ಸದ್ದು ಮಾಡುವ ಒಂದು ಪೆಟ್ಟಿಗೆ ಮಾತ್ರ. ಕಥೆಯ ಕೊನೆಯ ದೃಶ್ಯವನ್ನು ಮೊದಲ ದಿನವೇ ತೆಗೆಯಬಹುದು, ಮೊದಲನೆಯದನ್ನು ತಿಂಗಳ ನಂತರ. ನಲವತ್ತು ವರ್ಷ ವಯಸ್ಸಿನ, ನಾಡಿಗೆಲ್ಲ ಹೆಸರಾಗಿದ್ದ ನಟನೊಬ್ಬ ಇದನ್ನೆಲ್ಲ ಹೊಸಬನಂತೆ ಕಲಿಯಲು ಒಪ್ಪಿದ್ದೇ ಒಂದು ದೊಡ್ಡತನ. ಕಲಿತದ್ದು ಸಾಕೆಂದು ಕುಳಿತ ನನ್ನಂಥ ಮೇಷ್ಟ್ರುಗಳು ಇದನ್ನು ಗಮನಿಸಬೇಕು.

ಆದರೆ ಕಾಲ ವೀರಣ್ಣನವರ ಪರವಾಗಿರಲಿಲ್ಲ. 'ಹಿಸ್ ಲವ್ ಅಫೇರ್' ಬಂದ 1931ರಲ್ಲಿಯೇ, ಮಾರ್ಚ್ 14ರಂದು, ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಅರ್ದೇಶಿರ್ ಇರಾನಿಯವರ 'ಆಲಂ ಆರಾ' ತೆರೆಕಂಡಿತು. ಭಾರತದ ಪರದೆ ಮಾತನಾಡತೊಡಗಿತು, ಹಾಡತೊಡಗಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮದರಾಸಿನಲ್ಲಿ 'ಕಾಳಿದಾಸ್' ತಮಿಳು, ತೆಲುಗು ನುಡಿಯಿತು. ಮೂರ್ನಾಲ್ಕು ವರ್ಷಗಳಲ್ಲಿ ಮೂಕಿ ಚಿತ್ರದ ಮಾರುಕಟ್ಟೆ ನಮ್ಮ ಸೀಮೆಯ ಕೆರೆಗಳು ಬೇಸಿಗೆಯಲ್ಲಿ ಬತ್ತುವಂತೆ ಬತ್ತಿಹೋಯಿತು. ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ನಿನ ಕೆಲಸವೂ ನಿಂತಿತು.

ಈ ಬದಲಾವಣೆ ಪ್ರಪಂಚದ ದೊಡ್ಡ ದೊಡ್ಡ ನಟರನ್ನೂ ಬಿಡಲಿಲ್ಲ. ಜರ್ಮನಿಯ ಎಮಿಲ್ ಯಾನಿಂಗ್ಸ್ 1929ರಲ್ಲಿ ಮೊತ್ತಮೊದಲ ಆಸ್ಕರ್ ನಟ ಪ್ರಶಸ್ತಿ ಪಡೆದವನು. ಮಾತಿನ ಚಿತ್ರ ಬಂದೊಡನೆ ಅವನ ಜರ್ಮನ್ ಉಚ್ಚಾರ ಅಡ್ಡಬಂದು, ಹಾಲಿವುಡ್ ಬಿಟ್ಟು ತಾಯ್ನಾಡಿಗೆ ಮರಳಬೇಕಾಯಿತು. ಚಾರ್ಲಿ ಚಾಪ್ಲಿನ್ ಮಾತ್ರ ಹಟ ಹಿಡಿದು 1931ರಲ್ಲಿಯೂ 'ಸಿಟಿ ಲೈಟ್ಸ್' ಚಿತ್ರವನ್ನು ಸಂಭಾಷಣೆಯಿಲ್ಲದೆ ತೆಗೆದು ಗೆದ್ದ. ಅವರ ಪಾಲಿಗೆ ಮಾತು ಬಂದದ್ದು ಗಂಡಾಂತರ. ವೀರಣ್ಣನವರ ಸ್ಥಿತಿ ಇದಕ್ಕೆ ತಿರುಗುಮುರುಗು. ಮಾತು ಅವರಿಗೆ ತವರುಮನೆ. ಅವರು ಮಾತನ್ನು ಬಿಟ್ಟು ಹೊಸ ಮನೆ ಕಟ್ಟಲು ಹೋದರು. ಗೋಡೆ ಏಳುವಷ್ಟರಲ್ಲಿ ಮಾತೇ ಅಲ್ಲಿಗೆ ಬಂದು ಮನೆಯನ್ನು ಕೆಡವಿತು.

ನಷ್ಟ ಒಬ್ಬರದೇ ಆಗಿರಲಿಲ್ಲ ಎಂಬುದನ್ನು ನಾನು ತಡವಾಗಿ ಅರಿತೆ. ಮೂಕಿ ಚಿತ್ರಕ್ಕೆ ಭಾಷೆಯ ಗಡಿ ಇರಲಿಲ್ಲ. ಬೆಂಗಳೂರಿನಲ್ಲಿ ತಯಾರಾದ ಚಿತ್ರಕ್ಕೆ ಬೇರೆ ಭಾಷೆಯ ಬರಹದ ತುಣುಕು ಸೇರಿಸಿದರೆ ಸಾಕು, ದೇಶದ ಯಾವ ಮೂಲೆಯಲ್ಲಾದರೂ ಓಡಬಹುದಿತ್ತು. ಆದ್ದರಿಂದ ಬೆಂಗಳೂರು ಚಿತ್ರ ತಯಾರಿಕೆಯ ಊರಾಗುವ ಹಾದಿಯಲ್ಲಿತ್ತು. ಮಾತು ಬಂದ ಮೇಲೆ ಧ್ವನಿಮುದ್ರಣದ ಯಂತ್ರ ಬೇಕು, ಸದ್ದು ಹೊಗದ ಸ್ಟುಡಿಯೋ ಬೇಕು, ಅದಕ್ಕೆಲ್ಲ ದೊಡ್ಡ ಹಣ ಬೇಕು. ಕನ್ನಡದ ಮಾರುಕಟ್ಟೆಯೋ ಹಲವು ಆಡಳಿತಗಳ ಕೆಳಗೆ ಹರಿದು ಹಂಚಿತ್ತು. ಹೀಗಾಗಿ ಕನ್ನಡ ಮಾತನಾಡುವ ಚಿತ್ರ ಕನ್ನಡದ ನೆಲದಲ್ಲಿ ಹುಟ್ಟಲಿಲ್ಲ. 'ಸತಿ ಸುಲೋಚನಾ' ತಯಾರಾದದ್ದು ಕೊಲ್ಲಾಪುರದ ಛತ್ರಪತಿ ಸಿನಿಟೋನ್‌ನಲ್ಲಿ. ಸುಮಾರು 40,000 ರೂಪಾಯಿ ಖರ್ಚಾದ ಆ ಚಿತ್ರಕ್ಕೆ ಹಣ ಹೂಡಿದವರು ಚಮನ್‌ಲಾಲ್ ಡುಂಗಾಜಿ. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ಪಾತ್ರವಹಿಸಿದರು, ಬೆಳ್ಳಾವೆ ನರಹರಿ ಶಾಸ್ತ್ರಿಗಳು ಮಾತು, ಹಾಡು ಬರೆದರು. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ನಿರ್ದೇಶಕರು ಯಾರು ಗೊತ್ತೆ? ವೈ. ವಿ. ರಾವ್! ವೀರಣ್ಣನವರ 'ಹರಿಮಾಯಾ' ನಿರ್ದೇಶಿಸಿದ, ಅದಕ್ಕೂ ಮೊದಲು ಮೂಕಿ ಚಿತ್ರಗಳಲ್ಲಿ ನಟನಾಗಿ ಪಳಗಿದ ಅದೇ ರಾವ್. ನಾನು ತರಗತಿಯಲ್ಲಿ 'ಮೊದಲು' ಎಂದು ಹೇಳುತ್ತಿದ್ದ ಚಿತ್ರ, ಬೇರೆ ಒಂದು 'ಮೊದಲಿ'ನ ಹೆಗಲ ಮೇಲೆ ನಿಂತಿತ್ತು.

ವೀರಣ್ಣನವರು ಸೋಲನ್ನು ಸೋಲೆಂದು ಒಪ್ಪಿ ಮೂಲೆ ಸೇರಲಿಲ್ಲ. 1934ರಲ್ಲಿ ಬೆಂಗಳೂರಿನಲ್ಲಿ 'ಕುರುಕ್ಷೇತ್ರ' ನಾಟಕ ಆಡಿಸಿದರು. ನಿಜವಾದ ಆನೆ, ಕುದುರೆ, ರಥಗಳನ್ನು ರಂಗಕ್ಕೆ ತಂದು ಜನರನ್ನು ಬೆರಗುಗೊಳಿಸಿದ ಆ ಪ್ರಯೋಗದ ಹಿಂದೆ ಸಿನಿಮಾದ ಸವಾಲು ಇತ್ತೆಂದು ನನಗೆ ಅನ್ನಿಸುತ್ತದೆ. ಪರದೆಯ ಮೇಲಿನ ಆನೆ ನೆರಳು. ನನ್ನ ಆನೆ ಉಸಿರಾಡುತ್ತದೆ ಎಂದು ತೋರಿಸಿದ ಹಾಗೆ. 1935ರಲ್ಲಿ 'ಸದಾರಮೆ' ಮಾತಿನ ಚಿತ್ರವಾಗಿ ಬಂದಾಗ ತಮ್ಮ ಹಳೆಯ ಕಳ್ಳನ ಪಾತ್ರದಲ್ಲಿ ಅವರೇ ಕಾಣಿಸಿಕೊಂಡರು. 'ಸುಭದ್ರಾ' (1941), 'ಜೀವನ ನಾಟಕ' (1942), 'ಹೇಮರೆಡ್ಡಿ ಮಲ್ಲಮ್ಮ' (1945) ಅವರ ಸಂಸ್ಥೆಯ ನಂಟಿನಿಂದ ಬಂದ ಚಿತ್ರಗಳು. ಕೊನೆಗೆ 1954ರಲ್ಲಿ ಎಚ್. ಎಲ್. ಎನ್. ಸಿಂಹ ಅವರ ನಿರ್ದೇಶನದ 'ಬೇಡರ ಕಣ್ಣಪ್ಪ'. ಗುಬ್ಬಿ ಕಂಪನಿಯಲ್ಲಿ ಪಳಗಿದ ಮುತ್ತುರಾಜ ಆ ಚಿತ್ರದಿಂದ ರಾಜ್‌ಕುಮಾರ್ ಆದರು. ನರಸಿಂಹರಾಜು, ಜಿ. ವಿ. ಅಯ್ಯರ್ ಕೂಡ ಅದೇ ಚಿತ್ರದಲ್ಲಿ ಬೆಳಕಿಗೆ ಬಂದರು. ಮೂಕಿ ಚಿತ್ರಕ್ಕೆ ಹಾಕಿದ ಹಣ ಹಿಂದಿರುಗಲಿಲ್ಲ. ಆದರೆ ಸಿನಿಮಾ ಎಂಬ ಹೊಸ ವಿದ್ಯೆಯ ಬಗ್ಗೆ ಅವರಿಗೆ ಅಂದು ಹುಟ್ಟಿದ ಮೋಹ ಇಪ್ಪತ್ತಮೂರು ವರ್ಷಗಳ ನಂತರ ಈ ರೂಪದಲ್ಲಿ ಫಲ ಕೊಟ್ಟಿತು.

ಮೂಡಲ ಸೀಮೆಯ ಬೇಡರ ಕಥೆ ಎಂದು ಚಳ್ಳಕೆರೆಯ ಸುತ್ತಮುತ್ತಲ ಜನ 'ಬೇಡರ ಕಣ್ಣಪ್ಪ'ವನ್ನು ಜಾತ್ರೆಗೆ ಹೋದಂತೆ ಹೋಗಿ ನೋಡಿದರು. ನಾನು ಹತ್ತರ ಹುಡುಗ. ದೊಡ್ಡಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನನ್ನನ್ನು ಟೆಂಟಿಗೆ ಕರೆದೊಯ್ದಿದ್ದರು. ರಾತ್ರಿ ಎತ್ತಿನ ಗಾಡಿಯಲ್ಲಿ ಮರಳುವಾಗ, "ಇದು ವೀರಣ್ಣುಂದು ಕಣ್ಲಾ ಪಿಚ್ಚರ್ರು" ಎಂದು ಹೆಮ್ಮೆಯಿಂದ ಹೇಳಿದರು. ತಾವು ಹರೆಯದಲ್ಲಿ ರಂಗದ ಮೇಲೆ ವೀರಣ್ಣನವರ ಕಳ್ಳನನ್ನು ನೋಡಿದ್ದನ್ನು ವರ್ಣಿಸಿದರು. ಆಗ ನಾನು, "ವೀರಣ್ಣ ಮಾತಿಲ್ಲದ ಪಿಚ್ಚರ್‌ನಾಗೂ ಇದ್ರಂತೆ, ನೋಡಿದ್ಯಾ ದೊಡ್ಡಪ್ಪಾ?" ಎಂದು ಕೇಳಿದೆ, ಗಾಡಿಯಲ್ಲಿದ್ದ ಯಾರೋ ಆ ಮಾತೆತ್ತಿದ್ದರು. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ವೀರಣ್ಣುನ್ನ ಮೂಗುನ್ನಾಗಿ ನೋಡಾಕೆ ಯಾವನ್ಲಾ ದುಡ್ಡು ಕೊಡ್ತಾನೆ?" ಎಂದರು.

ಅಂದು ಅದನ್ನು ತಮಾಷೆಯೆಂದು ನಕ್ಕಿದ್ದೆ. ಈಗ ಯೋಚಿಸಿದರೆ ಆ ಒಂದು ವಾಕ್ಯದಲ್ಲಿ ಮೂಕಿ ಚಿತ್ರದ ವೀರಣ್ಣನವರ ಸೋಲು, ಗೆಲುವು ಎರಡೂ ಇವೆ. ಜನಕ್ಕೆ ಅವರ ಮಾತು ಅಷ್ಟು ಬೇಕಾಗಿತ್ತು. ಅದೇ ದೊಡ್ಡಪ್ಪ ಗುರುತು ಪರಿಚಯವಿಲ್ಲದ ಮುಂಬಯಿಯ ನಟರ ಮೂಕಿ ಚಿತ್ರಗಳನ್ನು ಹಣ ಕೊಟ್ಟು ನೋಡಿದವರು. ತಮ್ಮವನನ್ನು ಮಾತ್ರ ಮೂಕನಾಗಿ ನೋಡಲು ಸಿದ್ಧರಿರಲಿಲ್ಲ.

ಇಂದು ನೋಡಬೇಕೆಂದರೂ ನೋಡುವಂತಿಲ್ಲ. ವೀರಣ್ಣನವರ ಮೂಕಿ ಚಿತ್ರಗಳು ನಮ್ಮ ಪಾಲಿಗೆ ಉಳಿದಿಲ್ಲ. ಭಾರತದಲ್ಲಿ ಸುಮಾರು 1,300 ಮೂಕಿ ಚಿತ್ರಗಳು ತಯಾರಾದವೆಂಬ ಲೆಕ್ಕವಿದೆ. ಅವುಗಳಲ್ಲಿ ಪೂರ್ಣವಾಗಿ ಉಳಿದವು ಬೆರಳೆಣಿಕೆಯಷ್ಟು. ಅಂದಿನ ಫಿಲ್ಮು ನೈಟ್ರೇಟಿನಿಂದ ಮಾಡಿದ್ದು. ಸುಲಭವಾಗಿ ಬೆಂಕಿ ಹೊತ್ತಿಕೊಳ್ಳುವಂಥದು, ಬಿಸಿಲಿನ ಸೀಮೆಯಲ್ಲಿ ತಾನಾಗಿಯೇ ಅಂಟಂಟಾಗಿ ಪುಡಿಯಾಗುವಂಥದು. ಅದರಲ್ಲಿ ಬೆಳ್ಳಿಯ ಅಂಶವಿರುತ್ತಿತ್ತು. ಓಡಿ ಮುಗಿದ ಚಿತ್ರ ಯಾರಿಗೆ ಬೇಕು? ತೂಕಕ್ಕೆ ಮಾರಿ, ತೊಳೆದು, ಬೆಳ್ಳಿ ತೆಗೆದರು. ಹೀಗೆ ಎಷ್ಟು ನಟನಟಿಯರ ಮುಖಗಳು ಕಾಲ್ಗೆಜ್ಜೆ, ಕಾಲುಂಗುರಗಳಾಗಿ ಹೋದವೋ! ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದು 1964ರಲ್ಲಿ. ಪಿ. ಕೆ. ನಾಯರ್ ಎಂಬ ಮಹನೀಯರು ಊರೂರು ಅಲೆದು ಚಿತ್ರಗಳನ್ನು ಕೂಡಿಹಾಕಿದರು. ಅಷ್ಟರಲ್ಲಿ ಬಹುಪಾಲು ಕರಗಿಹೋಗಿತ್ತು. ಉಳಿದವುಗಳಲ್ಲಿಯೂ ಎಷ್ಟೋ ನೈಟ್ರೇಟ್ ಸುರುಳಿಗಳು 2003ರ ಜನವರಿಯಲ್ಲಿ ಪುಣೆಯಲ್ಲಿಯೇ ಬೆಂಕಿಗೆ ಆಹುತಿಯಾದವು.

ಉಳಿದ ಚಿತ್ರಗಳು ಉಳಿದ ಬಗೆಯೂ ವಿಚಿತ್ರ. ಮಲಯಾಳದ 'ಮಾರ್ತಾಂಡ ವರ್ಮ' 1933ರ ಮೂಕಿ ಚಿತ್ರ. ಸಿ. ವಿ. ರಾಮನ್ ಪಿಳ್ಳೆಯವರ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿದರೆಂದು ಪುಸ್ತಕ ಪ್ರಕಾಶಕರು ನ್ಯಾಯಾಲಯಕ್ಕೆ ಹೋಗಿ ಚಿತ್ರದ ಪ್ರತಿಯನ್ನೇ ವಶಪಡಿಸಿಕೊಂಡರು. ಆ ಪ್ರತಿ ಪುಸ್ತಕದಂಗಡಿಯಲ್ಲಿ ದಶಕಗಳ ಕಾಲ ಬಿದ್ದಿದ್ದು, 1974ರಲ್ಲಿ ಪುಣೆಯ ಸಂಗ್ರಹಾಲಯ ಸೇರಿತು. ಜಗಳವಾದದ್ದರಿಂದ ಅದು ಬದುಕಿತು. ಏಣಾಕ್ಷಿ ರಾಮರಾವ್ ನಟಿಸಿದ 1928ರ 'ಶಿರಾಜ್' ಚಿತ್ರ ಲಂಡನ್ನಿನಲ್ಲಿ ಭದ್ರವಾಗಿದ್ದು, 2017ರಲ್ಲಿ ಹೊಸದಾಗಿ ತೆರೆಕಂಡಿತು. ವೀರಣ್ಣನವರ ಚಿತ್ರಕ್ಕೆ ಅಂಥ ಜಗಳಗಂಟನೂ ಸಿಗಲಿಲ್ಲ, ಅಂಥ ಕಪಾಟೂ ಸಿಗಲಿಲ್ಲ.

ವೀರಣ್ಣನವರು ತಮ್ಮ ಬದುಕನ್ನು 'ಕಲೆಯೇ ಕಾಯಕ' ಎಂಬ ಆತ್ಮಕಥೆಯಲ್ಲಿ ಹೇಳಿದ್ದಾರೆ. ಓಡಿಬಂದ ಬಾಲಕ ಬಿ. ವಿ. ಕಾರಂತರಿಗೆ ತಮ್ಮ ಕಂಪನಿಯಲ್ಲಿ ಆಶ್ರಯ ಕೊಟ್ಟು, ಮುಂದೆ ಓದಲು ಕಾಶಿಗೆ ಕಳುಹಿಸಿದ್ದು ಅವರೇ. 1972ರಲ್ಲಿ ಪದ್ಮಶ್ರೀ ಬಂತು; ಅದೇ ವರ್ಷದ ಅಕ್ಟೋಬರ್ 18ರಂದು ತೀರಿಕೊಂಡರು. ಅವರ ಮೊಮ್ಮಗಳು ಬಿ. ಜಯಶ್ರೀಯವರ ಕಂಠವನ್ನು ನೀವೆಲ್ಲ ಕೇಳಿದ್ದೀರಿ. ಆ ಮನೆತನದ ದನಿ ಉಳಿದಿದೆ. ದನಿಯಿಲ್ಲದ ಒಂದು ಅಧ್ಯಾಯ ಮಾತ್ರ ಮಾಯವಾಗಿದೆ.

ಕಳೆದ ಬಾರಿ ದೊಡ್ಡಉಳ್ಳಾರ್ತಿಗೆ ಹೋದಾಗ ದೊಡ್ಡಪ್ಪ ಕುರಿ ಮೇಯಿಸುತ್ತಿದ್ದ ಕಾವಲಿನ ಕಡೆ ನಡೆದೆ. ಈಗ ಅಲ್ಲಿ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳ ಉದ್ದನೆಯ ಗೋಡೆ. ದೇಶಕ್ಕೆ ಅವೂ ಬೇಕು. ಆದರೆ ಗೋಡೆಯಾಚೆ ಯಾವ ಹುಲ್ಲು ಬೆಳೆಯುತ್ತಿತ್ತು, ಕೃಷ್ಣಮೃಗ ಎಲ್ಲಿ ನೀರಿಗಿಳಿಯುತ್ತಿತ್ತು ಎಂದು ಹೇಳಬಲ್ಲವರು ಊರಿನಲ್ಲಿ ನಾಲ್ಕಾರು ಮಂದಿ ಉಳಿದಿರಬಹುದು. ಕಳೆದುಹೋದದ್ದನ್ನು ತಡೆಯುವ ಶಕ್ತಿ ನಮಗಿಲ್ಲದಿರಬಹುದು. ಅದು ಇತ್ತು ಎಂದು ಹೇಳುವ ಜವಾಬ್ದಾರಿಯಾದರೂ ಇದೆ. ನಾನು ಮೇಷ್ಟ್ರಾಗಿ ತಪ್ಪಿದ್ದು ಅಲ್ಲಿಯೇ. 'ಇರಲಿಲ್ಲ' ಎಂದುಬಿಟ್ಟೆ.

ಆದ್ದರಿಂದ ನನ್ನ ತರಗತಿಯಲ್ಲಿ ಕುಳಿತಿದ್ದವರೆಲ್ಲ ದಯವಿಟ್ಟು ತಿದ್ದಿಕೊಳ್ಳಿ. 'ಸತಿ ಸುಲೋಚನಾ' ಕನ್ನಡದ ಮೊದಲ ವಾಕ್ಚಿತ್ರ. ಅದಕ್ಕೂ ಮೊದಲು ಕನ್ನಡ ನಾಡಿನವರು ಚಿತ್ರ ತೆಗೆದಿದ್ದರು, ನಟಿಸಿದ್ದರು, ಹಣ ಕಳೆದುಕೊಂಡಿದ್ದರು. ಮಾತಿಲ್ಲದ ಚಿತ್ರ ಕನ್ನಡದ್ದು ಹೇಗಾಗುತ್ತದೆ ಎಂದು ನಾನು ಕೇಳಿದ್ದ ಪ್ರಶ್ನೆಗೆ ನನ್ನಲ್ಲಿ ಈಗ ಉತ್ತರವಿದೆ. ಗುಬ್ಬಿಯ ಬೀದಿಯಲ್ಲಿ ಬೆಳೆದವನೊಬ್ಬ ಹುಬ್ಬು ಹಾರಿಸಿದರೆ, ಹೆಗಲು ಕುಣಿಸಿದರೆ, ಆ ಹುಬ್ಬಿಗೂ ಹೆಗಲಿಗೂ ಕನ್ನಡ ಗೊತ್ತಿರುತ್ತದೆ.

ಕೊನೆಯ ಬೆಂಚಿನ ಹುಡುಗನಿಗೆ ಇಷ್ಟು ಹೇಳಬೇಕು. ನಿನ್ನ ಪ್ರಶ್ನೆ ಸರಿಯಾಗಿತ್ತಪ್ಪ. ತಪ್ಪಿದವನು ಮೇಷ್ಟ್ರು. ನಿನಗೆ ಮಕ್ಕಳು, ಮೊಮ್ಮಕ್ಕಳು ಇದ್ದು, ಅವರು ಏನಾದರೂ ಕೇಳಿದರೆ, ಕೂತ್ಕೋ ಎನ್ನಬೇಡ. ಮನೆಯಲ್ಲಿ ಎಂಬತ್ತು ದಾಟಿದವರು ಯಾರಾದರೂ ಇದ್ದರೆ, ಡೇರೆಯ ಸಿನಿಮಾದ ನೆನಪನ್ನು ಅವರ ಬಾಯಿಂದ ಕೇಳಿ ಬರೆದಿಡು. ಆ ಕೆಲಸವನ್ನು ನಾನು ನಮ್ಮ ದೊಡ್ಡಪ್ಪ ಇದ್ದಾಗ ಮಾಡಲಿಲ್ಲ.